ಸೊಪ್ಪಿನ ನೀರು

ಒಣಗಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುತ್ತ ಕೂತರೆ ಮಧ್ಯಾಹ್ನದ ಹೊತ್ತಿಗೆ ಅಂಗೈಗೆ ಕಪ್ಪು ಅಂಟು ಮೆತ್ತಿಕೊಳ್ಳುತ್ತದೆ. ಸೋಪು ಹಾಕಿ ಎರಡು ಸಲ ತೊಳೆದರೂ ಮುದ್ದೆ ಕಹಿ. ತೊಳೆಯದೆ ಉಂಡರೆ ವಾಂತಿ.

ಹುಣಸೂರಿನ ಆಚೆ ನಮ್ಮ ಗೋಡೌನಿನಲ್ಲಿ ಈ ಕೆಲಸಕ್ಕೆ ಇಪ್ಪತ್ತೆರಡು ಹೆಂಗಸರು. ಅವರು ಕೈ ತೊಳೆಯುತ್ತಿದ್ದ ನಲ್ಲಿಯನ್ನು ಸಾಹುಕಾರ್ ಮಹದೇವಪ್ರಸಾದ್ ಹದಿನೈದು ದಿನದ ಹಿಂದೆ ಕೀಳಿಸಿದರು. ನೀರು ಉಳಿಸುವ ಗೋಡೌನುಗಳಿಗೆ ಸೊಪ್ಪು ಕೊಳ್ಳುವ ಕಂಪನಿಯವರು ಸರ್ಟಿಫಿಕೇಟ್ ಕೊಡುತ್ತಾರಂತೆ. ಕುಡಿಯಲು ಒಂದು ಕ್ಯಾನು, ಅದೂ ಊಟದ ಹೊತ್ತಿಗೆ ಖಾಲಿ. ‘ನೀರು ಅಮೂಲ್ಯ’ ಎಂದು ಬೋರ್ಡಿನ ಮೇಲೆ ದುಂಡಗೆ ಬರೆದವಳು ನಾನೇ. ಬಿ.ಎ. ಮುಗಿಸಿ ಇಲ್ಲಿ ಸೊಪ್ಪು ಕಟ್ಟಿದ ಬೇಲುಗಳಿಗೆ ಚೀಟಿ ಬರೆಯುತ್ತೇನೆ. ಬೋರ್ಡು ಬರೆಯುವಾಗ ಏನೋ ಹೇಳಬೇಕೆನಿಸಿತ್ತು. ಬರೆದು ಮೊಳೆಗೆ ತೂಗುಹಾಕಿದೆ.

ಕಂಪನಿಯ ಆಫೀಸರ್ ಬಂದಾಗ ಊಟದ ಹೊತ್ತು. ಯಶೋಧರಾಳ ಆರು ತಿಂಗಳ ಕೂಸು ಸೀರೆಯ ಜೋಲಿಯಲ್ಲಿ ಚೀರುತ್ತಿತ್ತು. ಅವಳು ಎತ್ತಿಕೊಳ್ಳದೆ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದಳು. ಹಿಂದಿನ ದಿನ ಸೆರಗಿಗೆ ಒರೆಸಿಕೊಂಡ ಕೈಯಲ್ಲೇ ಹಾಲು ಕುಡಿಸಿದ್ದಳು. ಕೂಸು ಮೂರು ಸಲ ಕಕ್ಕಿತ್ತು. ಇನ್ನೊಮ್ಮೆ ಹಾಗೆ ಮಾಡಿದರೆ ಅದರ ಜೀವಕ್ಕೇ ಅಪಾಯ ಎಂದು ಆಸ್ಪತ್ರೆಯಲ್ಲಿ ಬೈದಿದ್ದರು.

“ಎತ್ಕೊಳಮ್ಮ. ಆಫೀಸರ್ ಮುಂದೆ ಏನಿದು ರಾಗ?” ಸಾಹುಕಾರರು ನಕ್ಕರು.

“ಕೈ ತೊಳೀಬೇಕು ಸಾರ್. ಒಂದ್ ಚೊಂಬು ನೀರು.”

“ಒಬ್ಳಿಗೆ ಕೊಟ್ರೆ ಎಲ್ರೂ ಕೇಳ್ತೀರಿ. ಒರೆಸ್ಕೊ.”

“ಒರೆಸ್ಕೊಂಡೇ ನೆನ್ನೆ ಆಸ್ಪತ್ರೆ ಕಂಡಿದ್ದು.” ಅವಳ ಅತ್ತೆ ಚಿಕ್ಕಸಿದ್ದಮ್ಮ ರಾಶಿಯ ಮುಂದಿನಿಂದ ಎದ್ದರು. “ಅಲ್ ಸಾರ್, ಅಲ್ಲಿ ಸೊಪ್ಪಿಗೆ ಚಿಮುಕಿಸ್ತಾವ್ರಲ್ಲ, ಅದೇನು? ಪನ್ನೀರಾ?”

ಮೂಲೆಯಲ್ಲಿ, ಗರಿಗರಿಯಾದ ಸೊಪ್ಪು ಪುಡಿಯಾಗದಿರಲೆಂದು ಪೈಪು ಹಿಡಿದು ನೀರು ಹೊಡೆಯುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು.

“ಅದು ಸೊಪ್ಪಿನ ನೀರು. ಅದು ಉಳಿಸೋ ಲೆಕ್ಕಕ್ಕೆ ಬರಲ್ಲ,” ಎಂದರು ಸಾಹುಕಾರರು.

ಆಫೀಸರ್ ಫೈಲಿನಿಂದ ತಲೆ ಎತ್ತಲಿಲ್ಲ.

ಕೂಸಿನ ಅಳು ಸೋತು ಬಿಕ್ಕಳಿಕೆಯಾಯಿತು. ನಾನು ಹೋಗಿ ಪೈಪು ಇಸಿದುಕೊಂಡೆ. ಯಶೋಧರಾಳ ಕೈಗೆ ನೀರು ಬಿಟ್ಟೆ. ಕಂದು ನೀರು ನೆಲಕ್ಕಿಳಿಯಿತು. ಅವಳು ಉಜ್ಜಿದಳು, ಮೂಸಿ ನೋಡಿದಳು, ಮತ್ತೆ ಉಜ್ಜಿದಳು. ಓಡಿಹೋಗಿ ಕೂಸನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ಅಷ್ಟರಲ್ಲಿ ಪೈಪಿನ ಕೆಳಗೆ ಇನ್ನೆರಡು ಕೈ ಬಂದವು. ಆಮೇಲೆ ನಾಲ್ಕು.

“ನಿಲ್ಸೇ! ಏಯ್ ಸಿಂಧು, ಪುಸ್ತಕ ತಗೊ. ಈ ನೀರು ಮುಟ್ಟಿದೋರ ಹೆಸರೆಲ್ಲ ಬರಿ. ನಾಳೆಯಿಂದ ಒಬ್ರೂ ಇತ್ತ ಬರಂಗಿಲ್ಲ!”

ಪೈಪನ್ನು ಪಕ್ಕದವಳಿಗೆ ಕೊಟ್ಟು ಪುಸ್ತಕ ತೆಗೆದೆ. ಮೊದಲು ನನ್ನ ಹೆಸರು ಬರೆದೆ. ಹಾಳೆಯನ್ನು ಸಾಹುಕಾರರ ಕಡೆ ತಿರುಗಿಸಿ ಹಿಡಿದೆ.

ಒದ್ದೆ ಕೈ ಝಾಡಿಸುತ್ತ ಚಿಕ್ಕಸಿದ್ದಮ್ಮ ಬಂದರು. ಓದು ಬಾರದಿದ್ದರೂ ಹಾಳೆಯ ಮೇಲೆ ಬಗ್ಗಿ ನಿಂತರು.

“ಎರಡ್ನೇದು ನಂದು ಕಣವ್ವ. ಸಿದ್ದಮ್ಮ ಅಂತ ಮೊಟಕು ಮಾಡ್ಬೇಡ. ಚಿಕ್ಕಸಿದ್ದಮ್ಮ. ಪೂರ್ತಿ ಬರಿ.”