ಮಂಡಿ ಮಡಚುವ ಹೊತ್ತು

"ಸ್ವಲ್ಪ ತಡೀರಿ ಮಾವ," ಎನ್ನುತ್ತಾ ಶೀತಲ್ ಅಮ್ಮನ ಮಂಡಿಯ ಮೇಲೆ ಎರಡೂ ಕೈಗಳನ್ನು ಅಡ್ಡ ಇಟ್ಟಳು.

ಸೋದರಮಾವ ಉಜ್ಜನಪ್ಪ ಹಿಡಿದ ಪಾದವನ್ನು ಬಿಡಲಿಲ್ಲ. ಭದ್ರಾವತಿಯ ನ್ಯೂ ಟೌನಿನ ಆ ಪುಟ್ಟ ಮನೆಯಲ್ಲಿ ಅಮ್ಮ ಜಗದಾಂಬಾ ಬೆಳಿಗ್ಗೆ ಐದಕ್ಕೆ ತೀರಿಕೊಂಡಿದ್ದರು. ಈಗ ಏಳೂವರೆ. ಮೈ ಸೆಟೆಯುವ ಮೊದಲು ಪದ್ಮಾಸನದಲ್ಲಿ ಕೂರಿಸಿ, ಗೋಡೆಗೆ ಒರಗಿಸಿ, ವಿಭೂತಿ ಹಚ್ಚಬೇಕು. ಸಂಜೆ ಹಾಗೆ ಕೂತಂತೆಯೇ ಮಣ್ಣಿಗೆ ಇಳಿಸಬೇಕು. ಇವರ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಹೂಳುವ ಪದ್ಧತಿಯಿಲ್ಲ.

"ಮಂಡಿ ಮಡಚಕ್ಕಾಗ್ದೆ ಅಮ್ಮ ನೆಲದ ಮೇಲೆ ಕೂರದೇ ಎಂಟು ವರ್ಷ ಆಯ್ತು. ಬಲವಂತ ಮಾಡ್ಬೇಡಿ. ಕುರ್ಚಿ ಮೇಲೆ ಕೂರ್ಸಿ."

"ಕುರ್ಚೀನ ಗುಂಡಿಗೆ ಇಳ್ಸಕ್ಕಾಗುತ್ತಾ ಮಾರಾಯ್ತಿ," ಎಂದರು ಮಾವ, ಸಿಟ್ಟಿಲ್ಲದೆ. ಶೀತಲ್‌ಳ ತಮ್ಮ ವೀರೇಂದ್ರ ಅಮ್ಮನ ಬೆನ್ನಿಗೆ ಆಸರೆ ಕೊಟ್ಟು ಅಳುತ್ತಿದ್ದ. ಅವನನ್ನು ಕೇಳಿ ಪ್ರಯೋಜನವಿರಲಿಲ್ಲ.

ಗಂಡ ಹೋದ ಮೇಲೆ ಜಗದಾಂಬಾ ಇಪ್ಪತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ್ದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಸೊಂಟ ನೋವು ಬಂತು, ಆಮೇಲೆ ಮಂಡಿ, ಕೊನೆಗೆ ಭುಜ. ಬಂದವು ಹೋಗಲಿಲ್ಲ, ಮನೆಯವರಂತೆ ಉಳಿದುಕೊಂಡವು. ಮೋಡ ಕವಿದರೆ ಮಂಡಿ ಹಿಡಿಯುತ್ತಿತ್ತು, ಅಕ್ಕಿ ಚೀಲ ಎಳೆದರೆ ಸೊಂಟ, ಸಾರಿನ ಪಾತ್ರೆ ಇಳಿಸಿದರೆ ಭುಜ. ಪ್ರತಿ ನೋವಿಗೂ ಒಂದು ಕಾರಣ ಸಿದ್ಧವಾಗಿ ಇರುತ್ತಿದ್ದುದರಿಂದ ಯಾರೂ ಹೊಸದಾಗಿ ಏನನ್ನೂ ಕೇಳುತ್ತಿರಲಿಲ್ಲ. ಶೀತಲ್ ಶಿವಮೊಗ್ಗದ ಗಾಂಧಿ ಬಜಾರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಾತ್ರೆ, ಮುಲಾಮು ಅಲ್ಲಿಂದಲೇ ಬರುತ್ತಿದ್ದವು. ಮನೆಯಲ್ಲೇ ಡಾಕ್ಟರಿದ್ದಾಳೆ ಎಂದು ಜಗದಾಂಬಾ ಬೀಗುತ್ತಿದ್ದರು.

*

ಹಿಂದಿನ ದಿನ ಮಧ್ಯಾಹ್ನ ಅಮ್ಮನ ಫೋನ್ ಬಂದಾಗ ಕೌಂಟರಿನಲ್ಲಿ ಜನವಿತ್ತು. ಶೀತಲ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಾತ್ರೆ ಕತ್ತರಿಸುತ್ತಲೇ ಮಾತಾಡಿದಳು.

"ಎಡಭುಜ ಸೆಳೀತಿದೆ ಕಣೇ. ದವಡೆ ತನಕ ಬಂದಿದೆ. ಬೆವರೂ ಜಾಸ್ತಿ."

"ಇವತ್ತು ಪಾತ್ರೆ ಎತ್ತಿದ್ಯಾ?"

"ಎತ್ತಿದೆ. ನಂಜಮ್ಮ ತಡವಾಗಿ ಬಂದ್ಳು."

"ಮತ್ತೆ ಅದೇ. ಮಾತ್ರೆ ತಗೊಂಡು ಮಲ್ಕೊ."

ಆಯ್ತು ಎಂದು ಅಮ್ಮ ಫೋನ್ ಇಟ್ಟರು. ಅದೇ ವಾರ ಇದೇ ಲಕ್ಷಣ ಹೇಳಿಕೊಂಡು ಬಂದ ಅಪರಿಚಿತ ಗಿರಾಕಿಗೆ ಶೀತಲ್ ಮಾತ್ರೆ ಕೊಟ್ಟಿರಲಿಲ್ಲ. ತಾನೇ ಆಟೋ ನಿಲ್ಲಿಸಿ, ಮೊದಲು ಇಸಿಜಿ ಮಾಡಿಸಿ ಎಂದು ಆಸ್ಪತ್ರೆಗೆ ಕಳಿಸಿದ್ದಳು.

*

ಹೂವು ಹಿಡಿದು ಬಂದ ನಂಜಮ್ಮ ಬಾಗಿಲಲ್ಲೇ ಕುಸಿದು ಕೂತಳು. ಅವಳೂ ಜಗದಾಂಬಾ ಅವರೂ ಶಾಲೆಯ ಒಂದೇ ಒಲೆಯ ಮುಂದೆ ಅಷ್ಟು ವರ್ಷ ನಿಂತವರು. ಶೀತಲ್‌ಗೆ ಸಮಾಧಾನವಾಗಲಿ ಎಂದೇ ಅವಳು ಹೇಳಿದ್ದು.

"ನಿನ್ನೆ ಆಸ್ಪತ್ರೆಗೆ ಹೋಗಣ ಅಕ್ಕ ಅಂದೆ ಕಣಮ್ಮ. ಏನಿಲ್ಲ ಅಂತ ನನ್ ಮಗಳೇ ಹೇಳಿದಾಳೆ ಅಂದ್ರು. ನಿನ್ ಮಾತು ಕೇಳಿ ಅವರಿಗೆಷ್ಟು ಧೈರ್ಯ ಬಂದಿತ್ತು ಗೊತ್ತಾ."

ಶೀತಲ್ ಸುಮ್ಮನಿದ್ದುಬಿಡಬಹುದಿತ್ತು, ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ.

"ಅದು ಹಾರ್ಟು, ಮಾವ," ಎಂದಳು. "ಫೋನಲ್ಲಿ ಅಮ್ಮ ಎಲ್ಲಾ ಸರಿಯಾಗೇ ಹೇಳಿದ್ಲು. ನಾನು ಕೇಳಿಸ್ಕೊಳ್ಲಿಲ್ಲ."

ವೀರೇಂದ್ರನ ಅಳು ನಿಂತಿತು. ಮಾವ ಅವಳನ್ನು ಬೈಯಲೂ ಇಲ್ಲ, ನಿನ್ನ ತಪ್ಪಿಲ್ಲ ಎನ್ನಲೂ ಇಲ್ಲ. ತಂಗಿಯ ಮುಖ ನೋಡಿದರು. ಆಮೇಲೆ ಪಾದ ಬಿಟ್ಟು ಪಕ್ಕಕ್ಕೆ ಸರಿದರು.

"ನೀನೇ ಮಡಚು. ನಿಧಾನಕ್ಕೆ."

ಶೀತಲ್ ಒಂದು ಕೈಯನ್ನು ಮಂಡಿಯ ಕೆಳಗಿಟ್ಟು, ಇನ್ನೊಂದರಲ್ಲಿ ಹಿಮ್ಮಡಿ ಹಿಡಿದಳು. ಕಾಲು ತಡೆಯಲಿಲ್ಲ, ಇಷ್ಟಿಷ್ಟೇ ಮಡಚಿಕೊಂಡು ಬಂತು. ಅವಳು ಮಂಡಿಯ ಕಡೆ ನೋಡುತ್ತಲೇ ಇರಲಿಲ್ಲ, ಅಮ್ಮನ ಹುಬ್ಬನ್ನೇ ನೋಡುತ್ತಿದ್ದಳು. ಅರ್ಧಕ್ಕೆ ಬಂದಾಗ ಕೈ ನಿಲ್ಲಿಸಿದಳು.

"ಇಲ್ಲಿ ನೋಯುತ್ತಾ ಅಮ್ಮ?"

ಅವಳು ಬಾಗಿ, ತನ್ನ ಕಿವಿಯನ್ನು ಅಮ್ಮನ ಬಾಯಿಯ ಹತ್ತಿರ ತಂದು ಕಾದಳು.