ಗಾಡಿಯ ಬೆನ್ನ ಮೇಲೆ ಅಪ್ಪ

ಕನ್ನಡಿಯಲ್ಲಿ ಒಂದು ಕೈ, ಬೆಲ್ಟು ಹಿಡಿದುಕೊಂಡ ಕೈ, ಅಪ್ಪನದು, ಯಾವಾಗ ಹತ್ತಿ ಕೂತನೋ ಗಾಡಿಯ ಬೆನ್ನ ಮೇಲೆ, ಅವಳು ನೋಡೇ ಇಲ್ಲ, ಅವಳ ಕಣ್ಣೆಲ್ಲ ಮೇಲಿತ್ತು, ಫೋರ್ಕ್‌ಲಿಫ್ಟು ಎತ್ತಿ ಹಿಡಿದ ಟೈಲ್ಸ್ ಪೆಟ್ಟಿಗೆಗಳ ಮೇಲೆ, ಗೋದಾಮಿನ ಕಪಾಟಿನ ಎರಡನೇ ಅಂತಸ್ತು ದಾಟುವಾಗ ಹಿಂದಿನ ಚಕ್ರ ನೆಲವನ್ನೇ ಮರೆತ ಹಾಗಾಗಿ ಸ್ಟಿಯರಿಂಗ್ ಕೈಯಲ್ಲಿ ಹತ್ತಿಯಂತೆ ಹಗುರಾಯಿತು, ನಿಲ್ಲಿಸಿದಳು, ಅಷ್ಟರಲ್ಲಿ ಹಿಂದೆ ಧಪ್ ಅಂತ — ಧಪ್ ಅಲ್ಲ, ಮೊದಲೆಲ್ಲ ಧಪ್ ಅನ್ನುತ್ತಿತ್ತು, ಈಗ ಯಾರೋ ಚೀಲ ಇಟ್ಟಷ್ಟೇ ಸದ್ದು. ಎತ್ತು ಮಗಳೇ, ಹಿಂದೆ ನಾನಿದ್ದೀನಿ. ಡುಮ್ಮಣ್ಣ ಕೂತಾಯ್ತಲ್ಲ, ಇನ್ನೇನು ಮೀನಮೇಷ, ಲಾರಿ ಕಾಯ್ತಿದೆ ಕಣಮ್ಮ, ಇದು ಮೇಲ್ವಿಚಾರಕರು, ಗಡಿಬಿಡಿ ಸಾಹೇಬರು, ಆ ಹೆಸರಿಟ್ಟವರಿಗೆ ಕೈ ಮುಗಿಯಬೇಕು. ಮುಂದೆ ಭಾರ ಜಾಸ್ತಿಯಾದರೆ ಹಿಂದೆ ಡುಮ್ಮಣ್ಣನನ್ನು ಕೂರಿಸು, ಇಲ್ಲಿ ಮೊದಲಿನಿಂದಲೂ ಹಾಗೆಯೇ, ಡುಮ್ಮಣ್ಣ ಅಂದರೆ ಹಮಾಲಿ ಅಪ್ಪನೇ, ಎದೆಯುಬ್ಬಿಸಿ ಹತ್ತುತ್ತಿದ್ದ, ನಾನು ಕೂತ್ರೆ ಆನೆನೂ ಎತ್ತಬಹುದು ಕಣ್ರೋ. ಎದುರಿಗಿನ ತಗಡಿನ ಫಲಕದಲ್ಲಿ ಆನೆಯ ಮಾತಿಲ್ಲ, ಎತ್ತಬಹುದಾದ ಭಾರ ನೆಲದ ಹತ್ತಿರ ಎರಡು ಟನ್, ತುದಿಯ ಅಂತಸ್ತಿಗೆ ಒಂದೂಕಾಲು, ಎತ್ತರಕ್ಕೆ ಹೋದಷ್ಟೂ ಗಾಡಿಗೆ ತಾಳ್ಮೆ ಕಡಿಮೆ, ಅವಳು ಮೊದಲ ಸಾಲು ಓದಿ, ಹೊರೆ ಒಂದೂವರೆ ತಾನೇ, ಸಲೀಸು ಅಂದುಕೊಂಡಿದ್ದಳು, ಕೆಳಗಿನ ಸಾಲಿಗೆ ಕಣ್ಣೇ ಹಾಯಿಸಲಿಲ್ಲ, ಡಿಗ್ರಿ ಬೇರೆ ಮಾಡಿದ್ದಾಳೆ. ಚಿಕ್ಕಂದಿನಲ್ಲಿ ಪಾರ್ಕಿನ ಸೀ-ಸಾ ಹಲಗೆ, ಆ ತುದಿಗೆ ಅಪ್ಪ ಕೂತರೆ ಈ ತುದಿಗೆ ಅವಳು ಆಕಾಶದಲ್ಲಿ, ಕಾಲು ಬಡಿದುಕೊಂಡು ಅಳು, ಆಗ ಅಪ್ಪ ಹಲಗೆಯ ಮೇಲೆ ಕುಂಡೆ ಸರಿಸಿಕೊಂಡು ನಡುವಿಗೆ ನಡುವಿಗೆ ಬರುತ್ತಾನೆ, ಅವಳು ಮೆಲ್ಲಗೆ ಇಳಿಯುತ್ತಾಳೆ, ನೋಡಿದ್ಯಾ ಪುಟ್ಟಿ, ನಿನ್ನಷ್ಟೇ ಆದೆ ಈಗ. ಆಗಲಿಲ್ಲವೇ, ಆಪರೇಶನ್ ಆದ ಮೇಲೆ ನಿಜಕ್ಕೂ ಹಾಗೇ ಆಗುತ್ತ ಬಂದ, ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿದವಳು ಅವಳೇ, ಚರ್ಮ ಸುಟ್ಟ ವಾಸನೆ, ಅದೂ ಸಾಲದೆ ಈಗ ಕೈಯಲ್ಲೇ ಹಿಡಿದುಕೊಳ್ಳುತ್ತಾನೆ, ಆದರೂ ಎಲ್ಲರ ಬಾಯಲ್ಲಿ ಡುಮ್ಮಣ್ಣ, ಅವನೂ ಹೂಂ ಅನ್ನುತ್ತಾನೆ. ಎತ್ತಿದರೆ ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ, ಹಿಂದೆ ಕೂತವನು ಕವಣೆಯ ಕಲ್ಲು. ಈಗಲೇ ಇಳಿ ಅನ್ನುವ ಹಾಗೂ ಇಲ್ಲ, ಅವನ ಆ ಅಷ್ಟಿಷ್ಟು ತೂಕವೇ ಚಕ್ರವನ್ನು ನೆಲಕ್ಕೆ ಹಿಡಿದಿದ್ದರೆ? ಅಲ್ಲಾಡಬೇಡ ಅಪ್ಪ. ಸಾರ್, ಇಳಿಸ್ತೀನಿ, ಎರಡು ಸಲ ಎತ್ತೋಣ. ಯಾರ ದನಿ ಇದು, ಬಸ್ಸಲ್ಲಿ ನಿಲ್ಲಿಸಿ ಅನ್ನಲು ಬಾಯಿ ಬರದೆ ಮುಂದಿನ ಸ್ಟಾಪಿನಿಂದ ನಡೆದು ಬರುವವಳು ಅವಳು. ಏನಮ್ಮ, ನಂಗೇ ಪಾಠ ಹೇಳ್ತೀಯಾ? ಲಿವರ್ ಮೇಲೆ ಬೆರಳೊತ್ತಿ, ಮಲಗಿಸಿದ ಮಗುವಿನ ಕೆಳಗಿಂದ ತೋಳು ಎಳೆದುಕೊಳ್ಳುವ ಹಾಗೆ ಇಳಿಸಿದಳು, ಎರಡನೇ ಅಂತಸ್ತು, ಮೊದಲನೆಯದು, ನೆಲ, ಆಮೇಲೆ ಉಸಿರು. ಈಗ ಇಳಿ ಅಪ್ಪ. ಯಾಕೇ, ನಾನು ಸಾಲಲಿಲ್ವಾ? ಸಾಲಲಿಲ್ಲ ಅನ್ನಲೇ, ಯಾವತ್ತೂ ಸಾಲುತ್ತಿರಲಿಲ್ಲ, ಇಷ್ಟು ದಿನ ಏನೂ ಆಗದ್ದಕ್ಕೆ ದೇವರು ದೊಡ್ಡವನು ಅನ್ನಲೇ — ಹಿಂದೆ ನೀನು ಕೂತ್ರೆ ನನ್ನ ಕಣ್ಣು ಕನ್ನಡಿ ಬಿಡಲ್ಲ ಅಪ್ಪ, ದೂರ ನಿಂತ್ಕೊಂಡು ನೋಡಿ ಹೇಳು, ಮೇಲೆ ನಂಗೆ ಸರಿಯಾಗಿ ಕಾಣಲ್ಲ. ಕಾಣುತ್ತಿತ್ತು. ಓಹೋ, ಈಗ ನಾನು ನಿನ್ನ ಕನ್ನಡಕ ಅನ್ನು, ನಕ್ಕ, ಇಳಿಯಲು ಮನಸ್ಸಿಲ್ಲದವನ ಹಾಗೆ ಇಳಿದ, ಅರ್ಧದಷ್ಟು ಪೆಟ್ಟಿಗೆಗಳನ್ನು ಕೆಳಗಿಳಿಸಿ ಆಯಿತು, ಗಡಿಬಿಡಿಯವರು ಗೊಣಗುತ್ತ ಲಾರಿಯ ಕಡೆ ಹೋಗಿಯೂ ಆಯಿತು, ಎದುರು, ಕಪಾಟುಗಳ ನಡುವಿನ ಓಣಿಯ ಆ ಕೊನೆಯಲ್ಲಿ ಅಪ್ಪ, ಒಂದು ಕೈ ಮೇಲೆ, ಬರಲಿ ಬರಲಿ ಅಂತ ಬೆರಳಾಡಿಸುತ್ತ, ಇನ್ನೊಂದು ಬೆಲ್ಟಿನ ಮೇಲೆ, ಹೊರೆ ನೋಡಬೇಕು ಅವಳು, ಹೊರೆಯನ್ನೇ ನೋಡಬೇಕು, ಲಿವರ್ ಎಳೆಯಬೇಕು, ಬರಲಿ ಪುಟ್ಟಿ, ಕಣ್ಣು ಹೋಗುವುದು ಮಾತ್ರ ಬೆಲ್ಟಿನ ಕಡೆಗೇ, ಆ ಕೈ, ಬಿಗಿಯಾಗಿ, ಆ ಕೈ