ಕೋಟಿನ ಒಳಜೇಬು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೈಲರ್ ಅಂಗಡಿ ಇದೆ. ಇಪ್ಪತ್ತಾರು ವರ್ಷದಿಂದ ಜನರ ಎದೆ, ತೋಳು ಅಳೆದೂ ಅಳೆದೂ ನನಗೆ ಮನುಷ್ಯನ ಮುಖಕ್ಕಿಂತ ಮೊದಲು ಅವನ ಕಾಲರ್ ಕಾಣುತ್ತದೆ. ದೇಶ ಆಳುವವರು ಜನರ ಮುಂದೆ ಇಸ್ತ್ರಿ ಬಟ್ಟೆಯಲ್ಲಿ ಬರಬೇಕೋ, ಮನೆಯಲ್ಲಿ ಕೂತ ಹಾಗೆ ಬರಬೇಕೋ ಎಂದು ಅಂಗಡಿಯಲ್ಲಿ ಮಾತು ಎದ್ದರೆ ನಾನು ಸುಮ್ಮನಿರುತ್ತಿರಲಿಲ್ಲ. ಹೆಣ್ಣು ನೋಡಲು ಬಂದವರು ಬನಿಯನ್ನಿನಲ್ಲಿ ಬಂದರೆ ನೀವು ಚಾಪೆ ಹಾಸುತ್ತೀರೇನ್ರಿ ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ಆ ಮಾತು ಬಂದರೆ ತಲೆ ತಗ್ಗಿಸಿ ಕಾಜಾ ಹಾಕುತ್ತಾ ಕೂರುತ್ತೇನೆ.

ಲಕ್ಕಯ್ಯ ನನ್ನ ತಾಯಿಯ ಅಣ್ಣ. ಹಳೇಕೋಟೆ ಹೋಬಳಿಯ ನಮ್ಮ ಕಾಲೋನಿಯಲ್ಲಿ ಅವನ ಮನೆ. ನೀರಾವರಿ ಇಲಾಖೆಯಲ್ಲಿ ಸೌಡಿಯಾಗಿದ್ದ. ಹೇಮಾವತಿ ನಾಲೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವತ್ತು ನೀರು ಎಂದು ಹೇಳುವ ಕೆಲಸ. ಸೇರಿದ ಹೊಸದರಲ್ಲಿ ಖಾಕಿ ಅಂಗಿ ತೊಟ್ಟು ನೀರಿನ ಸರದಿ ತಿಳಿಸಲು ಊರಿನ ದೊಡ್ಡ ಜಮೀನುದಾರ ನಂಜಪ್ಪನ ಜಗಲಿ ಮುಂದೆ ನಿಂತಾಗ, ಅಂಗಿ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಮಾತಾಡು ಅಂದರಂತೆ. ಮಾವ ಬಿಚ್ಚಿದ್ದ. ನಿವೃತ್ತಿಯಾದ ವಾರವೇ ನನ್ನ ಅಂಗಡಿಗೆ ಬಂದು ಬಾಬಾಸಾಹೇಬರ ಫೋಟೊ ಮಿಷನ್ ಮೇಲಿಟ್ಟು, ಇದೇ ನೀಲಿ, ಇದೇ ಕಾಲರ್ ಎಂದ. ಎದೆ ಮೂವತ್ತೆಂಟು. ಅಂಥ ಕೋಟನ್ನು ನಾನು ಅದಕ್ಕೆ ಮೊದಲೂ ಹೊಲಿದಿರಲಿಲ್ಲ, ಆಮೇಲೂ ಹೊಲಿದಿಲ್ಲ.

ಹೋದ ವರ್ಷ ನಮ್ಮ ಸ್ಮಶಾನದ ದಾರಿಗೆ ನಂಜಪ್ಪನ ಮನೆಯವರು ತಂತಿಬೇಲಿ ಹಾಕಿದರು. ಸರ್ವೆಯಲ್ಲಿ ದಾರಿ ತಮ್ಮದೇ ಎಂದು ಬಂದಿದೆ ಅಂದರು. ಅದಾದ ಮೇಲೆ ಕಾಲೋನಿಯಲ್ಲಿ ಮೊದಲು ತೀರಿಕೊಂಡವನು ಬೈರಯ್ಯ. ಅವನ ಚಟ್ಟವನ್ನು ನಾಲೆಯೊಳಗೆ, ಎದೆಮಟ್ಟದ ನೀರಿನಲ್ಲಿ ದಾಟಿಸಿದೆವು. ಹಿಂದೆ ಹಿಡಿದಿದ್ದವನ ಕಾಲು ಜಾರಿ ಹೆಣದ ತಲೆ ನೀರಿಗೆ ತಾಗಿತು. ದಡದಲ್ಲಿ ನಿಂತಿದ್ದ ಮಾವ ಮನೆಗೆ ಬಂದವನು ಎರಡು ದಿನ ಊಟ ಮುಟ್ಟಲಿಲ್ಲ. ತಾಲ್ಲೂಕು ಕಚೇರಿಗೆ ಕೊಟ್ಟ ಮೂರು ಅರ್ಜಿಗಳಿಗೆ ಒಂದು ಸಾಲಿನ ಉತ್ತರವೂ ಬರಲಿಲ್ಲ.

ಅಂಥ ಹೊತ್ತಿನಲ್ಲೇ ಸುದ್ದಿ ಬಂತು. ಹಾಸನದ ಸಮಾವೇಶಕ್ಕೆ ಬರುವ ಆಳುವ ಪಕ್ಷದ ರಾಷ್ಟ್ರೀಯ ಅಧ್ಯಕ್ಷರು ದಾರಿಯಲ್ಲಿ ನಮ್ಮ ಕಾಲೋನಿಯಲ್ಲಿ ಊಟ ಮಾಡುತ್ತಾರೆ, ಅದೂ ಲಕ್ಕಯ್ಯನ ಮನೆಯಲ್ಲಿ. ದೆಹಲಿಯಲ್ಲಿ ಅವರು ಒಂದು ಮಾತು ಆಡಿದರೆ ಇಲ್ಲಿ ಜಿಲ್ಲಾಧಿಕಾರಿ ಎದ್ದು ನಿಲ್ಲುತ್ತಾರೆ ಎಂದು ಎಲ್ಲರಿಗೂ ಗೊತ್ತು. ಮಾವನ ಮಗಳು ಸಂಘಮಿತ್ರಾ ಅರಕಲಗೂಡಿನಲ್ಲಿ ಹೈಸ್ಕೂಲ್ ಟೀಚರ್. ಅವಳು ಒಂದು ಹಾಳೆಯ ಅರ್ಜಿ ಬರೆದು, ಕ್ಯಾಮೆರಾಗಳ ಎದುರಿಗೇ ಅವರ ಕೈಗೆ ಕೊಟ್ಟುಬಿಡಪ್ಪ, ಆಗ ಯಾರೂ ಕಳೆಯಲು ಆಗುವುದಿಲ್ಲ ಎಂದು ಹೇಳಿಕೊಟ್ಟಳು. ಅರ್ಜಿ ಕೊಡುವಾಗ ಕೋಟು ತೊಟ್ಟಿರುತ್ತೇನೆ ಎಂದ ಮಾವ. ಹರಕು ಅಂಗಿಯವನು ಕೊಟ್ಟರೆ ಬೇಡುತ್ತಾನೆ ಅಂದುಕೊಳ್ಳುತ್ತಾರೆ, ಕೋಟಿನವನು ಕೊಟ್ಟರೆ ಕೇಳುತ್ತಾನೆ ಅಂದುಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ನಾನು ಆ ಹಾಳೆಯನ್ನು ಮೂರು ಮಡಿಕೆ ಮಾಡಿ, ಅದರ ಅಳತೆಗೇ ಕೋಟಿನ ಎಡಗಡೆ ಒಂದು ಒಳಜೇಬು ಹೊಲಿದು, ಅದರೊಳಗೇ ಇಟ್ಟುಕೊಟ್ಟೆ.

ಏರ್ಪಾಟು ನೋಡಿಕೊಂಡವನು ಅಭಿಷೇಕ್, ನಂಜಪ್ಪನ ಮೊಮ್ಮಗ. ಬೆಂಗಳೂರಿನಲ್ಲಿ ಓದಿ ಬಂದವನು, ಮಾತು ಬೆಣ್ಣೆ. ಅವನ ತಾತನ ಜಗಲಿಯ ಮುಂದೆ ನಾವು ನಿಲ್ಲುತ್ತಿದ್ದೆವು, ಇವನು ನಮ್ಮ ಜಗಲಿಯ ಮೇಲೆ ಬಂದು ಕಾಲು ಮಡಚಿ ಕೂರುತ್ತಿದ್ದ. ಒಂದು ದಿನ ನನ್ನ ಅಂಗಡಿಗೂ ಬಂದ. ಅಧ್ಯಕ್ಷರ ಅಳತೆ ಮೊಬೈಲಿನಲ್ಲಿತ್ತು. ಅವರು ಈಗ ಕೋಟು ಜುಬ್ಬಾ ಎಲ್ಲ ಬಿಟ್ಟಿದ್ದಾರೆ, ಸಾಧಾರಣವಾಗಿ ಬಂದರೆ ಜನಕ್ಕೆ ಹತ್ತಿರವಾಗುತ್ತಾರೆ, ಊರಿನ ಟೈಲರ್ ಕೈಯ ಅರ್ಧ ತೋಳಿನ ಅಂಗಿ ಬೇಕು ಎಂದ. ಹೊಲಿದುಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ನೀಟಾಗಿದ್ದರೆ ಆಗಲ್ಲ ಎಂದ. ಕಾಲರ್ ಉಜ್ಜಿ ಸವೆಸಬೇಕಂತೆ, ಸೋಡಾ ನೀರಿನಲ್ಲಿ ಹತ್ತು ಸಲ ಅದ್ದಿ ಬಣ್ಣ ಬಿಡಿಸಬೇಕಂತೆ, ಒಂದು ಗುಂಡಿ ಬೇರೆ ಬಣ್ಣದ್ದಿರಬೇಕಂತೆ. ನನ್ನ ಕೈಯಾರೆ ಹೊಲಿದದ್ದನ್ನು ನನ್ನ ಕೈಯಾರೆ ಕಲ್ಲಿನಲ್ಲಿ ಉಜ್ಜಿದೆ. ಆ ಸಂಜೆ ನನ್ನ ಮೇಲೇ ನನಗೆ ಅಸಹ್ಯವಾಗಿತ್ತು.

ಊಟದ ದಿನ ಬೆಳಿಗ್ಗೆ ಅವನ ಹುಡುಗರು ಜೀಪು ತಂದು ನಿಲ್ಲಿಸಿದರು. ಮನೆ ಸಹಜವಾಗಿ ಕಾಣಬೇಕು ಎಂದು ಟಿವಿ ಇಳಿಸಿ ಜೀಪಿಗೆ ಹಾಕಿದರು. ಫ್ಯಾನು ಹೋಯಿತು, ಪ್ಲಾಸ್ಟಿಕ್ ಕುರ್ಚಿಗಳು ಹೋದವು, ಸಂಘಮಿತ್ರಾ ತನ್ನ ಮೊದಲ ಸಂಬಳದಲ್ಲಿ ಕೊಂಡ ಫ್ರಿಜ್ ಹೋಯಿತು. ಸಂಜೆಯವರೆಗೆ ನಂಜಪ್ಪನ ಮನೆಯ ಗೋಡೌನಿನಲ್ಲಿ ಭದ್ರವಾಗಿರುತ್ತವೆ ಅಂದರು. ಮಾವನ ಹೆಂಡತಿ ಮಾಯಮ್ಮತ್ತೆ ಖಾಲಿಯಾದ ಗೋಡೆ ನೋಡುತ್ತಾ ನಿಂತಿದ್ದಳು. ತನ್ನ ಮನೆಯಲ್ಲೇ ಎಲ್ಲಿ ಕೂರುವುದು ಎಂದು ಅವಳಿಗೆ ತಿಳಿಯಲಿಲ್ಲ.

ಮಾವ ಕೋಟು ತೊಟ್ಟು ನಡುಮನೆಯಲ್ಲಿ ಕೂತಿದ್ದ. ಅಭಿಷೇಕ್ ಅವನನ್ನು ಏನೂ ಕೇಳಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದ.

"ಅಣ್ಣ, ಅಧ್ಯಕ್ಷರು ಅಷ್ಟು ಸಿಂಪಲ್ಲಾಗಿ ಬರ್ತಾವ್ರೆ. ಪಕ್ಕದಲ್ಲಿ ಇವರು ಕೋಟಲ್ಲಿ ಕೂತ್ರೆ ಯಾರು ಯಾರ ಮನೆಗೆ ಬಂದವ್ರೆ ಅನ್ನಿಸ್ತದೆ, ನೀವೇ ಹೇಳಿ. ಕಷ್ಟ ಆದ್ರೆ ಬ್ಯಾಡ. ಆಚೆ ಬೀದೀಲಿ ಇನ್ನೊಂದು ಮನೇನೂ ರೆಡಿ ಮಾಡಿದೀವಿ."

ನಗುತ್ತಲೇ ಹೇಳಿದ. ನನ್ನ ತಲೆಯಲ್ಲಿ ಇದ್ದದ್ದು ಅರ್ಜಿ ಒಂದೇ. ಅಧ್ಯಕ್ಷರು ಆಚೆ ಬೀದಿಗೆ ಹೋದರೆ ಸ್ಮಶಾನದ ದಾರಿಯೂ ಅವರ ಜೊತೆಗೇ ಹೋದಂತೆ. ಒಳಗೆ ಬಂದು ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ. ಅವನು ಕೋಟಿನ ಗುಂಡಿಯ ಮೇಲೆ ಕೈಯಿಟ್ಟ.

"ಒಂದ್ಸಲ ಬಿಚ್ಚಿದೀನಿ ಕಣ್ಲಾ. ಅವನ ತಾತನ ಮುಂದೆ."

"ಅರ್ಜಿ ಅವರ ಕೈ ಸೇರೋದು ಮುಖ್ಯ ಮಾವ. ಕೋಟು ಎಲ್ಲಿಗೂ ಓಗಲ್ಲ."

ಅವನು ಎದ್ದು ನಿಂತ. ಅಳತೆ ಕೊಡುವವನ ಹಾಗೆ ಎರಡೂ ತೋಳು ಅಗಲಿಸಿದ. ನಾನು ಕೋಟು ಬಿಡಿಸಿಕೊಂಡೆ. ಒಳಗಿನ ಬಿಳಿ ಅಂಗಿಯೂ ಬೇಡ, ಈ ಸೆಕೆಗೆ ಬನಿಯನ್ ಪಂಚೆ ಸಾಕು ಎಂದು ಬಾಗಿಲಲ್ಲಿ ಯಾರೋ ಅಂದರು, ಅದನ್ನೂ ಬಿಚ್ಚಿಸಿದೆ. ನನ್ನ ತೋಳಿನ ಮೇಲಿದ್ದ ಕೋಟನ್ನು ಒಬ್ಬ ಹುಡುಗ ಭಯಭಕ್ತಿಯಿಂದ ತೆಗೆದುಕೊಂಡು ಹೋಗಿ ಜೀಪಿನಲ್ಲಿಟ್ಟ. ಆಮೇಲೆ ಪೊಲೀಸರು ಬಂದು ಪಟ್ಟಿ ಓದಿದರು. ಮನೆಯೊಳಗೆ ಇರುವವರ ಪಟ್ಟಿಯಲ್ಲಿ ಮಾವ, ಅತ್ತೆಯ ಹೆಸರು ಮಾತ್ರ ಇತ್ತು. ನನ್ನನ್ನೂ ಸಂಘಮಿತ್ರಾಳನ್ನೂ ಹಗ್ಗದಾಚೆ ನಿಲ್ಲಿಸಿದರು.

ಸೈರನ್ ಕೇಳಿಸಿದಾಗ ಸಂಘಮಿತ್ರಾ ನನ್ನ ಕಡೆ ತಿರುಗಿ, ಅಪ್ಪ ಅರ್ಜಿ ಎಲ್ಲಿಟ್ಟುಕೊಂಡಿದ್ದಾನೆ ಎಂದಳು.

ಅರ್ಜಿ ಕೋಟಿನ ಒಳಜೇಬಿನಲ್ಲೇ ಇತ್ತು. ಆ ಜೇಬು ಹೊಲಿದವನು ನಾನು. ಕಾಗದದ ಅಳತೆಗೆ ಕತ್ತರಿಸಿ, ಎರಡು ಸುತ್ತು ದಾರ ಹಾಕಿದವನು ನಾನು. ಜೀಪು ಆಗಲೇ ನಂಜಪ್ಪನ ಮನೆಯ ತಿರುವಿನಲ್ಲಿ ಮರೆಯಾಗಿತ್ತು. ಓಡಲು ಹೊರಟವನನ್ನು ಪೊಲೀಸಿನವರು ಎದೆಗೆ ಕೈಯೊಡ್ಡಿ ತಡೆದರು.

ಬಾಗಿಲು ಹಾರು ಹೊಡೆದಿತ್ತು, ಎಲ್ಲ ಕಾಣುತ್ತಿತ್ತು. ನಾನು ಸವೆಸಿದ ಅಂಗಿಯಲ್ಲಿ ಅಧ್ಯಕ್ಷರು ಚಾಪೆಯ ಮೇಲೆ ಕೂತರು. ಪಕ್ಕದಲ್ಲಿ ಮಾವ, ನಿಜವಾಗಿ ಸವೆದ ಬನಿಯನ್ನಿನಲ್ಲಿ. ಮುದ್ದೆ ಮುರಿದರು, ನಕ್ಕರು. ಮಾವ ಏನೋ ಹೇಳಿದ. ಮಧ್ಯೆ ಕೂತಿದ್ದ ಅಭಿಷೇಕ್ ಅದನ್ನು ಹಿಂದಿಯಲ್ಲಿ ಹೇಳಿದ. ಏನು ಹೇಳಿದನೋ, ಅಧ್ಯಕ್ಷರು ತೃಪ್ತಿಯಿಂದ ತಲೆಯಾಡಿಸಿದರು. ಆಗ ಮಾವನ ಬಲಗೈ ಎಡಗಡೆ ಎದೆಗೆ ಹೋಯಿತು. ಜೇಬು ಹುಡುಕುತ್ತಿತ್ತು. ಬನಿಯನ್ನಿನ ಮೇಲೆ ಬೆರಳುಗಳು ಒಮ್ಮೆ ಆಡಿ ಅಲ್ಲೇ ನಿಂತುಬಿಟ್ಟವು. ಹೃದಯ ಮುಟ್ಟಿ ನಮಸ್ಕರಿಸುತ್ತಿದ್ದಾನೆ ಎಂದುಕೊಂಡರೋ ಏನೋ, ಅಧ್ಯಕ್ಷರೂ ತಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು. ಅಷ್ಟೂ ಕ್ಯಾಮೆರಾಗಳು ಒಟ್ಟಿಗೆ ಮಿನುಗಿದವು. ಹದಿನೈದು ನಿಮಿಷಕ್ಕೆ ಎಲ್ಲ ಮುಗಿಯಿತು.

ಸಂಜೆ ಸಾಮಾನು ವಾಪಸ್ ಬಂತು. ಒಂದು ಗೀರೂ ಬಿದ್ದಿರಲಿಲ್ಲ. ಕೋಟಿಗೆ ಬ್ರಶ್ ಹಾಕಿ, ಹ್ಯಾಂಗರಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಕಳಿಸಿದ್ದರು. ಒಳಜೇಬಿಗೆ ಕೈ ಹಾಕಿದೆ. ಅರ್ಜಿ ಇತ್ತು, ಆದರೆ ಜೇಬಿನಲ್ಲಿ ಸಡಿಲವಾಗಿ ಆಡುತ್ತಿತ್ತು. ನಾನು ಇಟ್ಟಿದ್ದು ಮೂರು ಮಡಿಕೆ. ಈಗ ಅದು ನಾಲ್ಕು ಮಡಿಕೆಯಾಗಿತ್ತು.

ಎಂಟು ದಿನಕ್ಕೆ ಸ್ಮಶಾನದ ದಾರಿಯ ಬೇಲಿಗೆ ಒಂದು ಫ್ಲೆಕ್ಸ್ ಬಂತು. ಹನ್ನೆರಡು ಅಡಿ ಅಗಲ. ಎದೆಯ ಮೇಲೆ ಕೈಯಿಟ್ಟುಕೊಂಡ ಅಧ್ಯಕ್ಷರು, ಎದೆಯ ಮೇಲೆ ಕೈಯಿಟ್ಟುಕೊಂಡ ಮಾವ. ಅದರ ಹಿಂದೆ ತಂತಿ ಬಿಚ್ಚಿ, ಬದಲಿಗೆ ಅಲ್ಲಾಡದ ಹಾಗೆ ಕಲ್ಲುಕಂಬ ನೆಟ್ಟರು. ಕಾಲೋನಿಯಲ್ಲಿ ಯಾರಿಗೂ ಆ ಫ್ಲೆಕ್ಸ್ ಮುಟ್ಟುವ ಧೈರ್ಯ ಬರಲಿಲ್ಲ. ಮುಟ್ಟಿದರೆ ಹರಿಯುವುದು ನಮ್ಮ ಲಕ್ಕಯ್ಯನ ಮುಖ. ಸಂಘಮಿತ್ರಾ ಮತ್ತೆ ಕಚೇರಿಗೆ ಹೋದಾಗ, ನಿಮ್ಮ ತಂದೆಯೇ ಅಧ್ಯಕ್ಷರಿಗೆ ಅಷ್ಟು ಬೇಕಾದವರು, ನಿಮಗೇನಮ್ಮಾ ತೊಂದರೆ ಎಂದು ಕೇಳಿ ಕಳಿಸಿದರಂತೆ. ದೆಹಲಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ ಅರ್ಜಿಯ ಪ್ರತಿಗೂ ಉತ್ತರವಿಲ್ಲ.

ಮಾವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಅಂಗಡಿಗೆ ಬರತೊಡಗಿದ. ಕೋಟು ದೊಗಳೆಯಾಗಿದೆ, ಮೈಗೆ ಸರಿಮಾಡು ಅನ್ನುತ್ತಿದ್ದ. ಮೊದಲ ಸಲ ಎದೆ ಮೂವತ್ತಾರು. ಆಮೇಲೆ ಮೂವತ್ತೈದು. ನಾನು ಡಾಕ್ಟರ ಮಾತು ಎತ್ತಿದರೆ ಟೇಪು ಹಿಡಿ ಅನ್ನುತ್ತಿದ್ದ. ಈ ತಿಂಗಳು ಮೂವತ್ತಮೂರು. ಟೇಪು ಸುತ್ತುವಾಗ ನನ್ನ ಬೆರಳಿಗೆ ಪಕ್ಕೆಲುಬು ಒಂದೊಂದೂ ಸಿಕ್ಕಿತು. ಮಾವ ಕೋಟನ್ನು ಮಿಷನ್ ಮೇಲಿಟ್ಟ.

"ನಟರಾಜ, ನನ್ನ ಎತ್ತೋ ದಿವ್ಸ ಇದನ್ನ ತೊಡ್ಸು. ನಾಲೆ ಕಡೀಕೆ ಓಗ್ಬ್ಯಾಡಿ. ಸೀದಾ ತಗೊಂಡೋಗಿ ಆ ಫ್ಲೆಕ್ಸ್ ಮುಂದೆ ಇಳ್ಸಿ. ದಾರಿ ಬಿಡೋಗಂಟ ಎತ್ಬ್ಯಾಡಿ, ಒಂದು ದಿನ ಆಗ್ಲಿ, ಮೂರು ದಿನ ಆಗ್ಲಿ. ಅರ್ಜಿ ಜೇಬಲ್ಲೇ ಇರ್ಲಿ. ಯಾರೂ ಕೈ ಆಕದಂಗೆ ಬಾಯಿ ಒಲ್ದುಬುಡು."

ಆಗಲಿ ಎಂದೆ.

ನಿನ್ನೆ ಮಧ್ಯಾಹ್ನ ಅಭಿಷೇಕ್ ಅಂಗಡಿಗೆ ಬಂದಿದ್ದ. ಚುನಾವಣೆಗೆ ನಿಲ್ಲುತ್ತಾನಂತೆ, ಅಧ್ಯಕ್ಷರಿಗೆ ಹೊಲಿದ ಹಾಗೇ ತನಗೂ ಒಂದು ಅಂಗಿ ಬೇಕಂತೆ. ಲಕ್ಕಯ್ಯನವರು ಬಹಳ ಇಳಿದುಹೋಗಿದ್ದಾರಂತಲ್ಲ, ಪಾಪ, ಎಂದ. ಆ ದಾರಿಯ ಹತ್ತಿರ ನಾಲ್ಕು ಜನ ಪೊಲೀಸರನ್ನು ಹಾಕಿಸುತ್ತಿದ್ದೇವೆ, ಫ್ಲೆಕ್ಸ್ ಯಾರಾದರೂ ಹರಿದಾರು ಎಂದ. ನನ್ನ ಮಡಿಲಲ್ಲಿದ್ದ ನೀಲಿ ಕೋಟನ್ನು ನೋಡಿ ಕೈ ಚಾಚಿದ.

"ಇದು ಅವರದ್ದೇ ಅಲ್ವಾ ಅಣ್ಣ? ಯಾವಾಗ ಬೇಕಂತೆ?"

ನಾನು ಕೋಟು ಕೊಡಲಿಲ್ಲ. ಸೂಜಿಗೆ ದಾರ ಪೋಣಿಸಿ, ಅವನ ಕಣ್ಣೆದುರೇ ಅರ್ಜಿಯಿದ್ದ ಒಳಜೇಬಿನ ಬಾಯಿ ಹೊಲಿಯತೊಡಗಿದೆ. ಅವನು ನಿಂತು ಪೂರ್ತಿ ನೋಡಿ ಹೋದ.